ಬೋಧಗಯೆಯಲ್ಲಿ ಅತ್ತೆಯನ್ನು ಕಳೆದುಕೊಂಡದ್ದು

ನನಗೆ ಹಿಂದಿ ಬರುತ್ತದೆ. ಮಧುಗಿರಿಯಲ್ಲಿ ಈ ಮಾತನ್ನು ನಾನು ಎಷ್ಟು ವರ್ಷಗಳಿಂದ ಹೇಳಿಕೊಂಡು ಬಂದಿದ್ದೆನೆಂದರೆ, ನಾನು ಗುಮಾಸ್ತನಾಗಿರುವ ಕಾಲೇಜಿನಲ್ಲಿ, ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಕೊನೆಗೆ ನನ್ನ ಮನೆಯಲ್ಲೂ ಅದನ್ನು ನಂಬಿಬಿಟ್ಟಿದ್ದರು. ಹೈಸ್ಕೂಲಿನಲ್ಲಿದ್ದಾಗ ಖಾಸಗಿಯಾಗಿ ಕಟ್ಟಿ ಪಾಸು ಮಾಡಿದ ಹಿಂದಿ ಪರೀಕ್ಷೆಯೊಂದೇ ಇದಕ್ಕೆ ಆಧಾರ. ಅನುಮಾನಪಟ್ಟವರು ಒಬ್ಬರೇ, ಶಿರಾದಿಂದ ಬಂದು ನಮ್ಮ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿರುವ ಬಾಷಾ ಸಾಹೇಬರು. ಒಮ್ಮೆ ನಾನು ಅವರೊಡನೆ ಹತ್ತು ನಿಮಿಷ ಹಿಂದಿಯಲ್ಲಿ ಮಾತಾಡಿದ ಮೇಲೆ ಅವರು, "ಸಾರ್, ನಂಗೆ ಕನ್ನಡ ಚೆನ್ನಾಗಿ ಬರ್ತದೆ. ನೀವು ಸಂಕೋಚ ಮಾಡ್ಕೋಬೇಡಿ" ಎಂದಿದ್ದರು. ಅದನ್ನು ನಾನು ಅವರ ವಿನಯವೆಂದು ತಿಳಿದೆ.

ಹಾಗಾಗಿ ಕಾಶಿ, ಗಯಾ ಯಾತ್ರೆಯ ಮಾತು ಬಂದಾಗ ಮುಂದಾಳು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ನನ್ನ ಹೆಂಡತಿ ಜಯಮ್ಮ ಬರಗೂರಿನವಳು, ತಂದೆತಾಯಿಗೆ ಒಬ್ಬಳೇ ಮಗಳು. ಹಿಂದಿನ ವರ್ಷ ನನ್ನ ಮಾವ ತೀರಿಕೊಂಡಿದ್ದರು. ಉಬ್ಬಸದವರು. ಕೊನೆಯ ದಿನಗಳಲ್ಲಿ ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆದು, ಹಾಗೆ ಕುಳಿತಂತೆಯೇ ಹೋದರು. ಗಂಡುಮಕ್ಕಳಿಲ್ಲದ್ದರಿಂದ ಗಯೆಯಲ್ಲಿ ಪಿಂಡ ಇಡುವ ಕೆಲಸ ನನ್ನ ಪಾಲಿಗೆ ಬಂತು. ನಾನು, ಜಯಮ್ಮ ಮತ್ತು ಅತ್ತೆ ಸಿದ್ದಗಂಗಮ್ಮನವರು, ಮೂವರೇ ಹೊರಟೆವು.

ಅತ್ತೆಯವರ ಬಗ್ಗೆ ಒಂದು ವಿಷಯ ಹೇಳಲೇಬೇಕು. ಅವರು ಹಳೇ ಕಾಲದವರು. ಅಳಿಯನ ಎದುರು ಕೂರುವುದಿಲ್ಲ, ಅಳಿಯನ ಮುಖ ನೋಡಿ ಮಾತಾಡುವುದಿಲ್ಲ, ಅಳಿಯನ ಹೆಸರನ್ನಂತೂ ಬಾಯಲ್ಲಿ ತರುವುದಿಲ್ಲ. ನನಗೆ ಏನಾದರೂ ಹೇಳಬೇಕಾದರೆ ಮಗಳಿಗೆ ಹೇಳುತ್ತಾರೆ. ನಾನು ಎರಡು ಅಡಿ ದೂರದಲ್ಲಿ ಕುಳಿತಿದ್ದರೂ, "ಅವ್ರಿಗೆ ಇನ್ನೊಂದು ಮುದ್ದೆ ಬೇಕಾ ಕೇಳು ಜಯ" ಎನ್ನುತ್ತಾರೆ. ನಾನು ಬೇಡವೆಂದು ಜಯಮ್ಮನಿಗೆ ಹೇಳುತ್ತೇನೆ. ಮದುವೆಯಾದಂದಿನಿಂದ ನಮ್ಮಿಬ್ಬರ ಸಂಬಂಧ ಹೀಗೆ ಮಗಳ ಮೂಲಕವೇ ಬಹಳ ಚೆನ್ನಾಗಿ ನಡೆದುಬಂದಿತ್ತು.

ಗಯೆಯ ಕೆಲಸ ಬೆಳಿಗ್ಗೆಯೇ ಮುಗಿಯಿತು. ಊರ ಕಡೆಗಿನ ರೈಲು ಸಂಜೆಗೆ. ನಡುವೆ ಇಡೀ ಮಧ್ಯಾಹ್ನ ಖಾಲಿ ಇತ್ತು. ಬುದ್ಧನಿಗೆ ಜ್ಞಾನೋದಯವಾದ ಬೋಧಗಯೆ ಅಲ್ಲಿಗೆ ಸ್ವಲ್ಪವೇ ದೂರ ಎಂದು ನಾನು ಘೋಷಿಸಿದೆ. ಜಯಮ್ಮನಿಗೆ ಇಷ್ಟವಿರಲಿಲ್ಲ. ಆ ರೈಲು ತಪ್ಪಿದರೆ ಮೂವರಿಗೆ ಮತ್ತೆ ಸೀಟು ಸಿಗುವುದು ಯಾವ ಕಾಲಕ್ಕೋ, ಸುಮ್ಮನೆ ಸ್ಟೇಷನ್ನಿನಲ್ಲಿ ಕೂರೋಣ ಎಂದಳು. ಅಷ್ಟರಲ್ಲಿ ಅತ್ತೆ ಗೋಡೆಯ ಕಡೆ ತಿರುಗಿ, "ಬುದ್ಧ ದ್ಯಾವ್ರು ಕುಂತಿದ್ದ ಅಳ್ಳಿಮರ ಇನ್ನೂ ಐತಂತಲ್ಲ. ಇಷ್ಟು ದೂರ ಬಂದು ನೋಡ್ದೆ ಹೋಗದಾ? ಅಂಗಂತ ಅವ್ರಿಗೆ ಯೋಳು" ಎಂದರು. ಅತ್ತೆಯ ಮಾತು, ಅಳಿಯನ ಆಸೆ ಒಂದಾದ ಮೇಲೆ ಜಯಮ್ಮ ಏನು ಮಾಡಿಯಾಳು? ಆಟೋ ಹತ್ತಿದಳು. ಹತ್ತುವಾಗ ನನ್ನ ಕಿವಿಯ ಹತ್ತಿರ ಬಂದು, "ರೀ, ಅವ್ವ ಮಾತ್ರ ಕಣ್ಣಿಂದ ಮರೆಯಾಗದ ಹಾಗೆ ನೋಡ್ಕೊಳ್ಳಿ. ಅವ್ವಂಗೆ ಭಾಷೆ ಬರಲ್ಲ" ಎಂದಳು. ನಾನು ಎದೆ ತಟ್ಟಿ ತೋರಿಸಿದೆ.

ಮಹಾಬೋಧಿ ದೇವಾಲಯದ ಬಾಗಿಲಲ್ಲೇ ನನ್ನ ಆಡಳಿತ ಶುರುವಾಯಿತು. ಒಳಗೆ ಫೋನ್ ಬಿಡುವುದಿಲ್ಲ. ನನ್ನದು, ಜಯಮ್ಮನದು, ಅತ್ತೆಯ ಸೆರಗಿನ ಗಂಟಿನಲ್ಲಿದ್ದ ಚಿಕ್ಕ ಫೋನು, ಎಲ್ಲವನ್ನೂ ಒಟ್ಟುಮಾಡಿ ಹೊರಗಿನ ಕೌಂಟರಿನಲ್ಲಿ ಇಟ್ಟೆ. ಚಪ್ಪಲಿಗಳನ್ನೂ ಬಿಟ್ಟಾಯಿತು. ಬರಿಗಾಲಿಗೆ ಚಳಿಗಾಲದ ಅಮೃತಶಿಲೆ ತಾಗಿದಾಗ ಹಲ್ಲು ಕಟಕಟ ಅಂದವು. ಮೆಟ್ಟಿಲ ಮೇಲೆ ನಿಂತು ನಾನು ಇಬ್ಬರಿಗೂ ಗಂಭೀರವಾಗಿ ಸೂಚನೆ ಕೊಟ್ಟೆ. ಒಂದು ವೇಳೆ ಯಾರಾದರೂ ತಪ್ಪಿಸಿಕೊಂಡರೆ ಗಾಬರಿಯಾಗಬಾರದು, ನೇರವಾಗಿ ಹೋಗಿ ಬೋಧಿವೃಕ್ಷದ ಕೆಳಗೆ ನಿಲ್ಲಬೇಕು. ಎಂಥ ಸರಳ ಉಪಾಯ ಎಂದು ನನಗೇ ಹೆಮ್ಮೆಯಾಯಿತು. ಇಡೀ ಪ್ರಪಂಚ ಅಲ್ಲಿಗೆ ಬರುವುದೇ ಬೋಧಿವೃಕ್ಷದ ಕೆಳಗೆ ಕೂರುವುದಕ್ಕೆ ಎಂಬುದು ಆಗ ಹೊಳೆಯಲಿಲ್ಲ!

ಒಳಗೆ ಇಳಿದರೆ ಕಣ್ಣು ತುಂಬುವಂಥ ಜಾಗ. ಎತ್ತರದ ಗೋಪುರ, ಸುತ್ತ ಸಣ್ಣಪುಟ್ಟ ಸ್ತೂಪಗಳು, ಅವುಗಳ ನಡುವೆ ಕತ್ತರಿಸಿ ಜೋಡಿಸಿದ ಹಾಗಿರುವ ಹೂದೋಟ, ಎಲ್ಲೆಲ್ಲೂ ಚೆಂಡುಹೂವಿನ ಮಾಲೆಗಳು. ಬಿಳಿ ಬಟ್ಟೆಯವರು, ಹಳದಿ ಬಟ್ಟೆಯವರು, ಕೆಂಗಂದು ಬಟ್ಟೆಯವರು ಒಂದೊಂದು ದೇಶದಿಂದ ಬಂದು ಒಂದೊಂದು ರಾಗದಲ್ಲಿ ಮಂತ್ರ ಹೇಳುತ್ತಿದ್ದರು. ಅತ್ತೆ ತಲೆ ಎತ್ತಿ ಗೋಪುರ ನೋಡಿ, ನಮ್ಮ ಮಧುಗಿರಿ ಬೆಟ್ಟದಷ್ಟು ಇಲ್ಲ, ಆದರೆ ಕೆತ್ತಿದವರು ಪುಣ್ಯವಂತರು ಎಂದು ಮಗಳಿಗೆ ಹೇಳಿದರು.

ಜಯಮ್ಮನಿಗೆ ಮೊಣಕಾಲು ನೋವು. ಅವಳು ತಾವರೆಕೊಳದ ಕಟ್ಟೆಯ ಮೇಲೆ ಕುಳಿತು, ನೀವಿಬ್ಬರೂ ಸುತ್ತು ಹಾಕಿಕೊಂಡು ಬನ್ನಿ ಎಂದಳು. ನಾನು ಮುಂದೆ ಹೊರಟೆ. ಅತ್ತೆ ಅಳಿಯನ ಜೊತೆಗೆ ಹೆಜ್ಜೆ ಹಾಕುವವರಲ್ಲವಲ್ಲ, ಹತ್ತಾರು ಮಾರು ಹಿಂದೆ ಬರುತ್ತಿದ್ದರು. ಆ ದೂರಕ್ಕೂ ಕೇಳಲೆಂದು ನಾನು ಗಟ್ಟಿಯಾಗಿ ವಿವರಣೆ ಕೊಡುತ್ತಾ ನಡೆದೆ. ಸಿದ್ಧಾರ್ಥನು ಅರಮನೆಯನ್ನು ತ್ಯಜಿಸಿ ಬಂದದ್ದು, ಉಪವಾಸ ಮಾಡಿ ಕೃಶನಾದದ್ದು, ಸುಜಾತೆ ಪಾಯಸ ಕೊಟ್ಟದ್ದು, ಎಲ್ಲವನ್ನೂ ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಪಾಯಸದ ಭಾಗ ಮುಗಿಸಿ, ಅತ್ತೆಗೆ ಹೇಗೆ ಅನ್ನಿಸಿತೋ ನೋಡೋಣವೆಂದು ಹಿಂತಿರುಗಿದೆ.

ನನ್ನ ಹಿಂದೆ ಬಿಳಿ ಉಡುಪಿನ ಒಂದು ಗುಂಪು ಹೆಂಗಸರು ಕೈಮುಗಿದುಕೊಂಡು ಬರುತ್ತಿದ್ದರು. ಯಾವ ದೇಶದವರೋ ತಿಳಿಯದು. ನಾನು ನಿಂತದ್ದಕ್ಕೆ ಅವರೂ ನಿಂತರು. ನಾನು ಕಣ್ಣು ಪಿಳುಕಿಸಿದ್ದಕ್ಕೆ ಅವರು ತಲೆಬಾಗಿ ನಮಸ್ಕರಿಸಿದರು.

ಅತ್ತೆ ಇರಲಿಲ್ಲ.

ಮೊದಲಿಗೆ ನನಗೆ ಭಯವಾಗಲಿಲ್ಲ. ಇಲ್ಲೇ ಎಲ್ಲೋ ನಿಂತಿರುತ್ತಾರೆ ಎಂದುಕೊಂಡು ಒಂದು ಸುತ್ತು ಬೇಗಬೇಗ ಹಾಕಿದೆ. ಮರದ ಹಿಂದೆ, ಮರದ ಪಕ್ಕ, ಕಟಾಂಜನದ ಸುತ್ತ ನೂರಾರು ಜನ ಕುಳಿತಿದ್ದರು. ಅದರಲ್ಲಿ ನನಗೆ ಗುರುತಾಗುವ ಮುಖ ಒಂದೂ ಇರಲಿಲ್ಲ. ಎರಡನೇ ಸುತ್ತಿಗೆ ಕೈ ಬೆವರತೊಡಗಿತು. ಆ ಚಳಿಯಲ್ಲಿ! ಅವರು ನನ್ನ ಹಿಂದೆಯೇ ಸುತ್ತುತ್ತಿದ್ದು, ನಾನು ಅವರ ಹಿಂದೆ ಸುತ್ತುತ್ತಿದ್ದರೆ ಜನ್ಮಾಂತರದವರೆಗೂ ಸಿಗುವುದಿಲ್ಲವೆಂಬ ಯೋಚನೆ ಬಂತು. ಆದ್ದರಿಂದ ತಿರುಗಿ ಎದುರು ದಿಕ್ಕಿನಲ್ಲಿ ನಡೆದೆ. ಆ ಆವರಣದಲ್ಲಿ ಎಲ್ಲರೂ ಬಲಕ್ಕೆ ಪ್ರದಕ್ಷಿಣೆ ಬರುತ್ತಾರೆ. ನಾನೊಬ್ಬ ಎಡಕ್ಕೆ ಹೊರಟವನು ಒಬ್ಬ ಭಿಕ್ಷುವಿಗೆ ಎದೆ ಕೊಟ್ಟು, ಇನ್ನೊಬ್ಬರ ಮಣಿಸರಕ್ಕೆ ಬೆರಳು ಸಿಕ್ಕಿಸಿ, ಹಲಗೆಯ ಮೇಲೆ ಉದ್ದಂಡ ನಮಸ್ಕಾರ ಹಾಕುತ್ತಿದ್ದವರ ಮೇಲೆ ಬೀಳುವುದನ್ನು ತಪ್ಪಿಸಿಕೊಳ್ಳಲು ಹೋಗಿ ಅವರ ಹಲಗೆಯನ್ನೇ ಎಡವಿದೆ. ಗಾಬರಿಯಲ್ಲಿ ಹಲಗೆಗೆ ಕ್ಷಮೆ ಕೇಳಿದೆ.

ಜಯಮ್ಮನಿಗೆ ಹೇಳಬೇಕಾಗಿತ್ತು. ಅದು ಯಾರಿಗಾದರೂ ತಿಳಿಯುವ ವಿಷಯ. ಆದರೆ ಕೊಳದ ಕಡೆ ಹೆಜ್ಜೆ ಇಟ್ಟಾಗಲೆಲ್ಲ, ಆಟೋ ಹತ್ತುವಾಗ ಎದೆ ತಟ್ಟಿಕೊಂಡ ಸದ್ದು ಕಿವಿಯಲ್ಲಿ ಕೇಳಿ ಕಾಲು ವಾಪಸು ಬರುತ್ತಿತ್ತು. ಹುಡುಕಿಯೇ ಹೇಳಿದರಾಯಿತು ಎಂದು ನಿರ್ಧರಿಸಿದೆ.

ಅಷ್ಟರಲ್ಲಿ ಪಕ್ಕದ ಧ್ಯಾನದ ತೋಟದ ಬೇಲಿಯಾಚೆ ಒಂದು ಹಸಿರು ಸೀರೆ ಕಂಡಿತು. ನರೆತ ತುರುಬು, ಸ್ವಲ್ಪ ಬಾಗಿದ ಬೆನ್ನು. ಅತ್ತೆಯೇ! ಟಿಕೆಟ್ ತೆಗೆದುಕೊಂಡು ಒಳಗೆ ಓಡಿದೆ. ಹುಲ್ಲಿನ ಮೇಲೆ ಒಂದಷ್ಟು ಜನ ಕಣ್ಣು ಮುಚ್ಚಿ ಸಾಲಾಗಿ ಕುಳಿತಿದ್ದರು. ಹಸಿರು ಸೀರೆಯವರು ಮುಂದಿನ ಸಾಲಿನಲ್ಲಿದ್ದರು. ನಾನು ಹಿಂದಿನಿಂದ ಮೆಲ್ಲಗೆ "ಅತ್ತೆ" ಎಂದೆ. ಅಲುಗಲಿಲ್ಲ. ಇನ್ನೂ ಸ್ವಲ್ಪ ಗಟ್ಟಿಯಾಗಿ ಎಂದೆ. ಇಡೀ ಸಾಲು ಉಸಿರು ಬಿಗಿಹಿಡಿಯಿತು. ನೋಡಿಕೊಳ್ಳುವವನೊಬ್ಬ ಬಂದು ತುಟಿಯ ಮೇಲೆ ಬೆರಳಿಟ್ಟು, ಅತಿ ಕರುಣೆಯಿಂದ ನನ್ನ ಭುಜ ಹಿಡಿದು, ಒಂದು ದಿಂಬಿನ ಮೇಲೆ ಕೂರಿಸಿಬಿಟ್ಟ.

ಕುಳಿತೆ. ಅತ್ತೆ ಎದುರಿಗೇ ಇದ್ದಾರೆ, ಮುಗಿದ ಮೇಲೆ ಕರೆದುಕೊಂಡು ಹೋದರಾಯಿತು ಎಂಬ ಧೈರ್ಯ. ಬೋಧಿಸುತ್ತಿದ್ದವರು ಮನಸ್ಸನ್ನು ಖಾಲಿ ಮಾಡಿಕೊಳ್ಳಿ ಎನ್ನುತ್ತಿದ್ದಿರಬೇಕು. ನನ್ನ ಮನಸ್ಸಿನಲ್ಲಿ ರೈಲು ಬಂತು. ರೈಲಿನ ಹಿಂದೆ ಜಯಮ್ಮ ಬಂದಳು. ಜಯಮ್ಮನನ್ನು ಕಳಿಸಿ ಕಣ್ಣು ಮುಚ್ಚಿದರೆ ಮತ್ತೆ ರೈಲು, ಈ ಸಲ ಜಯಮ್ಮ ಅದರ ಕಿಟಕಿಯಲ್ಲಿ. ಅವಳ ನೆಂಟರೆಲ್ಲ ಬರಗೂರಿನ ಬಸ್ ಸ್ಟಾಪಿನಲ್ಲಿ ನಿಂತು, ಪಿಂಡ ಇಡಲು ಹೋದವನು ಅತ್ತೆಯನ್ನೂ ಅಲ್ಲೇ ಬಿಟ್ಟು ಬಂದನಂತೆ ಎಂದು ಮಾತಾಡಿಕೊಳ್ಳುತ್ತಿದ್ದರು. ಬುದ್ಧನಿಗೆ ಜ್ಞಾನೋದಯವಾದ ನೆಲದಲ್ಲಿ ನನಗೆ ಎರಡೂ ಕಾಲು ಜೋಮು ಹಿಡಿಯಿತು.

ಕೊನೆಗೂ ಗಂಟೆ ಬಾರಿಸಿದರು. ಹಸಿರು ಸೀರೆಯವರು ಹಿಂತಿರುಗಿದರು. ಮೂಗಿನ ಎರಡು ಕಡೆ ನತ್ತು, ಹಣೆಯ ಮೇಲೆ ಹಚ್ಚೆ, ಪರಿಚಯವೇ ಇಲ್ಲದ ಮುಖ. ಅವರು ಸಂತೋಷದಿಂದ ನನಗೊಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ನಾನು ಅದನ್ನು ಹಿಡಿದು ಕುಂಟುತ್ತಾ ಹೊರಗೆ ಓಡಿದೆ.

ಇನ್ನು ಮುಚ್ಚಿಡುವ ಕಾಲವಲ್ಲ ಎಂದು ಪೊಲೀಸರು ಕುಳಿತಿದ್ದ ಕಡೆಗೆ ಹೋದೆ. ಓಡಿ ಬಂದದ್ದಕ್ಕೆ ಏದುಸಿರು ಬರುತ್ತಿತ್ತು. ದಪ್ಪ ಮೀಸೆಯ ಪೊಲೀಸಿನವರೊಬ್ಬರು ಏನೆಂದು ಕೇಳಿದರು. ಹಿಂದಿಯಲ್ಲಿ ಅತ್ತೆಗೆ 'ಸಾಸ್' ಎನ್ನುತ್ತಾರೆ. ಇದು ನನಗೆ ಗೊತ್ತಿತ್ತು. ಆದರೆ ಪುಸ್ತಕದ ಹಿಂದಿಯಲ್ಲಿ ಎಲ್ಲಿ ನೋಡಿದರೂ ಸೊನ್ನೆ ಇರುತ್ತದೆಂಬ ನೆನಪಿನಿಂದ ನಾನು ಧಾರಾಳವಾಗಿ ಒಂದು ಸೊನ್ನೆ ಸೇರಿಸಿ, ಅತ್ತೆ ಕಳೆದುಹೋಗಿದ್ದಾರೆ ಎನ್ನುವುದಕ್ಕೆ, "ಮೇರಿ ಸಾಂಸ್ ಖೋ ಗಯೀ" ಎಂದೆ.

ಸಾಂಸ್ ಎಂದರೆ ಉಸಿರು.

ಅವರು ನನ್ನ ಮುಖ ನೋಡಿದರು. ಬೆವರು, ಏದುಸಿರು, ಬಿಳಿಚಿಕೊಂಡ ತುಟಿ. ತಕ್ಷಣ ಎದ್ದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಯಾವಾಗಿನಿಂದ ಎಂದು ಕೇಳಿದರು. ಅರ್ಧ ಗಂಟೆಯಿಂದ ಎಂದೆ. ಅವರು ಸಹೋದ್ಯೋಗಿಯನ್ನು ಕೂಗಿದರು. ನನಗೆ ಅವರ ಕಾಳಜಿ ಕಂಡು ಕಣ್ಣು ತುಂಬಿತು. ಹುಡುಕಲು ಅನುಕೂಲವಾಗಲೆಂದು, ನನ್ನ ಸಾಂಸ್ ತುಂಬಾ ಹಳೆಯದು, ಒಬ್ಬಂಟಿಯಾಗಿ ನಡೆಯಲಾರದು, ಹಸಿರು ಬಣ್ಣದ್ದು ಎಂದೆಲ್ಲ ವಿವರ ಕೊಟ್ಟೆ. ಹಸಿರು ಎಂದಾಗ ಅವರು ನಿಜವಾಗಿಯೂ ಹೆದರಿದರು. ಎಲ್ಲಿಂದಲೋ ಗಾಲಿಕುರ್ಚಿ ಬಂತು. ಬೇಡವೆಂದು ನಾನು ಏಳಹೋದರೆ ಇಬ್ಬರು ಭುಜ ಅದುಮಿ ಹಿಡಿದರು. ಏನು ಹೇಳಿದರೂ, "ಬೋಲಿಯೇ ಮತ್, ಬೋಲಿಯೇ ಮತ್" ಎನ್ನುತ್ತಿದ್ದರು. ಮಾತಾಡಬೇಡಿ ಎಂಬುದು ಮಾತ್ರ ಸರಿಯಾಗಿ ಅರ್ಥವಾಯಿತು.

ಜನ ಸೇರಿದರು. ಅವರ ನಡುವೆ ಕೆಂಗಂದು ನಿಲುವಂಗಿಯ ವಯಸ್ಸಾದ ಟಿಬೆಟಿಯನ್ ಭಿಕ್ಷುವೊಬ್ಬರು ಬಂದು ನನ್ನ ಮುಖದ ಹತ್ತಿರ ಬಗ್ಗಿದರು. ನಾನು ಸೋತುಹೋಗಿದ್ದೆ. ಯಾರಿಗೂ ಅರ್ಥವಾಗುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ, "ಇಷ್ಟು ಜನಕ್ಕೆ ಅರ್ಥವಾಗದ್ದು ಈ ಬೋಳುತಲೆಗಾದರೂ ಆಗುತ್ತೇನೋ" ಎಂದು ಗೊಣಗಿಕೊಂಡೆ.

"ಆಗುತ್ತೆ, ಹೇಳಿ" ಎಂದರು ಭಿಕ್ಷು.

ಅವರು ನಗುತ್ತಾ, ತಾವು ಚಿಕ್ಕಂದಿನಿಂದ ಬೆಳೆದದ್ದೆಲ್ಲ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನಲ್ಲಿ, ಬೇಳೆಸಾರಿಲ್ಲದೆ ಈಗಲೂ ಊಟ ಸೇರುವುದಿಲ್ಲ ಎಂದರು. ನಾನು ಅವರ ಕಾಲಿಗೆ ಬೀಳಬೇಕೆಂದರೆ ಪೊಲೀಸರು ಕುರ್ಚಿಯಿಂದ ಏಳಲು ಬಿಡಲಿಲ್ಲ. ಕುಳಿತಲ್ಲಿಂದಲೇ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅವರು ಮೀಸೆಯವರ ಕಡೆ ತಿರುಗಿ ಒಂದೇ ಒಂದು ಮಾತು ಹೇಳಿದರು. ಮೀಸೆಯವರು ಮುಖವನ್ನು ಆಚೆ ತಿರುಗಿಸಿ ನಿಂತರು. ಅವರ ಬೆನ್ನು ಬಹಳ ಹೊತ್ತು ಕುಲುಕುತ್ತಿತ್ತು.

ಜನ ಸೇರಿದ್ದು ನೋಡಿ ಜಯಮ್ಮನೂ ಬಂದಳು. ಗುಂಪನ್ನು ಬಿಡಿಸಿಕೊಂಡು ಮುಂದೆ ಬಂದವಳಿಗೆ ಕಂಡದ್ದು ಗಾಲಿಕುರ್ಚಿಯಲ್ಲಿ ಅಂಗಿ ಬಿಚ್ಚಿಕೊಂಡು ಬಿಸ್ಕತ್ತು ಹಿಡಿದು ಕುಳಿತ ಗಂಡ. ಅವಳು ನನಗೇನಾಯಿತೆಂದು ಕೇಳಲಿಲ್ಲ. ನನ್ನ ಅಕ್ಕಪಕ್ಕ ನೋಡಿದಳು.

"ಅವ್ವ ಎಲ್ಲಿ?"

ನಾನು ಬಿಸ್ಕತ್ತು ನೋಡುತ್ತಾ ಕುಳಿತೆ. ಭಿಕ್ಷುವೇ ನಿಧಾನವಾಗಿ, ಹಸಿರು ಸೀರೆಯ ಅಜ್ಜಿಯೊಬ್ಬರು ಕಾಣುತ್ತಿಲ್ಲವಂತೆ ಎಂದರು.

"ಹಸಿರು ಉಟ್ಟಿರೋದು ನಾನು ಸ್ವಾಮಿ" ಎಂದಳು ಜಯಮ್ಮ. "ಅವ್ವ ಉಟ್ಟಿರೋದು ಕೆಂಗಂದು."

ನಾವೆಲ್ಲ ತಲೆಯೆತ್ತಿ ಸುತ್ತ ನೋಡಿದೆವು. ತೋಟದಲ್ಲಿ, ಮೆಟ್ಟಿಲ ಮೇಲೆ, ಮರದ ಸುತ್ತ, ಕಣ್ಣು ಹಾಯುವವರೆಗೂ ಕೆಂಗಂದು. ಸಾವಿರಾರು ಭಿಕ್ಷುಗಳು. ಭಿಕ್ಷು ತಮ್ಮ ನಿಲುವಂಗಿಯನ್ನೂ ಒಮ್ಮೆ ನೋಡಿಕೊಂಡರು. ಆಗ ನನಗೆ ನಿಜವಾದ ಭಯ ಹತ್ತಿತು. ಹಾಸ್ಯಕ್ಕೆ ಹೇಳುತ್ತಿಲ್ಲ. ಗಂಡನ ಪಿಂಡ ಇಟ್ಟ ದಿನವೇ ಒಬ್ಬ ಹೆಂಗಸು, ಒಂದಕ್ಷರ ಭಾಷೆ ಬರದ ಊರಲ್ಲಿ, ಫೋನೂ ಇಲ್ಲದೆ, ಬರಿಗಾಲಲ್ಲಿ ಎಲ್ಲಿ ನಿಂತಿದ್ದಾರೋ. ಜಯಮ್ಮ ಬಯ್ಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ನೋವಿನ ಮೊಣಕಾಲು ಎಳೆದುಕೊಂಡು ನೇರ ಅರಳಿಮರದ ಕಡೆ ಹೋದಳು.

ಮರದ ಬುಡದ ಪಶ್ಚಿಮಕ್ಕೆ, ಟಿಬೆಟಿಯನ್ ಮುದುಕಿಯರ ನಡುವೆ, ಪ್ರಸಾದವೆಂದು ಎತ್ತಿಕೊಳ್ಳಲು ಎಲೆ ಉದುರುವುದನ್ನೇ ಕಾಯುತ್ತಾ ಅತ್ತೆ ಕುಳಿತಿದ್ದರು. ಜಯಮ್ಮ ಒಂದು ಸಲ "ಅವ್ವ" ಎಂದಳಂತೆ. ಅವರು "ಏನಮ್ಮ" ಎಂದರಂತೆ. ಅಷ್ಟೇ. ನಾನು ಅಷ್ಟು ಹೊತ್ತು ಮಾಡಲಾಗದ್ದು ಅಷ್ಟರಲ್ಲಿ ಮುಗಿದಿತ್ತು.

ಅಮ್ಮ ಮಗಳು ಬರುವುದನ್ನು ದೂರದಿಂದ ನೋಡಿ ನನಗೆ ಹೋದ ಜೀವ ಬಂತು. ಈಗಾದರೂ ಕುರ್ಚಿಯಿಂದ ಎದ್ದು ಮರ್ಯಾದೆ ಉಳಿಸಿಕೊಳ್ಳೋಣವೆಂದರೆ ಜೋಮು ಹಿಡಿದ ಕಾಲು ಬಗ್ಗಿತು, ಮತ್ತೆ ಧೊಪ್ಪನೆ ಕುಳಿತೆ. ಅತ್ತೆ ಅದನ್ನು ನೋಡಿದರು. ಬಿಚ್ಚಿದ ಗುಂಡಿ ನೋಡಿದರು, ಬೆವರು ನೋಡಿದರು. ಮೀಸೆಯವರು ನಡೆದ ತಮಾಷೆಯನ್ನು ಅತ್ತೆಗೂ ತಿಳಿಸುವ ಉತ್ಸಾಹದಲ್ಲಿ ತಮ್ಮ ಎದೆಯ ಮೇಲೆ ಕೈಯಿಟ್ಟು ಉಸಿರೆಳೆಯುವ ಅಭಿನಯ ಮಾಡಿ ನನ್ನ ಕಡೆ ಬೆರಳು ತೋರಿಸಿದರು.

ಅತ್ತೆಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಮಗಳ ಕೈ ಬಿಡಿಸಿಕೊಂಡು ಬಂದವರೇ ನನ್ನ ಬೆನ್ನಿಗೆ ಅಂಗೈಯಿಟ್ಟು ಮೇಲಿಂದ ಕೆಳಗೆ ನೀವತೊಡಗಿದರು.

"ಬಗ್ಗಿ ಕುಂತ್ಕಳಿ ಅಳಿಯಂದ್ರೇ. ಮುಂದಕ್ಕೆ ಬಗ್ಗಿ. ಉಸ್ರು ನಿಧಾನಕ್ಕೆ ಬುಡಿ. ಅವ್ರೂ ಇಂಗೇ ಕುಂತಿದ್ರು ಕಣಪ್ಪ, ನಂಗೆ ಗೊತ್ತಾಗ್ಲಿಲ್ಲ."

ನನ್ನ ಜೊತೆ ಅವರು ಆಡಿದ ಮೊದಲ ಮಾತು ಅದು. ನನಗೇನೂ ಆಗಿಲ್ಲ, ಹಿಂದಿಯಲ್ಲಿ ಒಂದು ಸೊನ್ನೆ ಹೆಚ್ಚಾಯಿತು ಅಷ್ಟೆ, ಎಂದು ಹೇಳಲು ಬಾಯಿ ತೆರೆದೆ. ಆಗಲಿಲ್ಲ. ಮುಂದಕ್ಕೆ ಬಗ್ಗಿ ಕುಳಿತು, ಅವರು ಹೇಳಿದ ಹಾಗೆ ನಿಧಾನಕ್ಕೆ ಉಸಿರು ಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ, ಈಗ ವಾಸಿ ಎಂದೆ. ಬೈಲಕುಪ್ಪೆಯ ಭಿಕ್ಷು ನನ್ನನ್ನೂ ನೋಡಿದರು, ಅತ್ತೆಯನ್ನೂ ನೋಡಿದರು. ಏನನ್ನೂ ಅನುವಾದಿಸದೆ ಹೊರಟುಹೋದರು.

ವಾಪಸು ಆಟೋದಲ್ಲಿ ಅತ್ತೆಯ ಕಡೆಯ ಕಥೆ ಹೊರಬಿತ್ತು. ಮಾತು ಮತ್ತೆ ಮಗಳಿಗೇ. ಕಳೆದುಹೋದ ವಿಷಯವೇ ಅವರಿಗೆ ಗೊತ್ತಿರಲಿಲ್ಲ.

"ನಾನು ಮರದ ತಾವ್ಲೇ ಕುಂತ್ಕಂಬುಟ್ಟೆ. ಅವ್ರು ಸುತ್ತು ಹಾಕ್ತಾನೇ ಇದ್ರು ಕಣಮ್ಮ. ಎದ್ರುಗೆ ಬಂದಾಗ್ಲೆಲ್ಲ ನಾನು ಮಕ ಮುಚ್ಚಂಗೆ ಸೆರಗು ಹೊದ್ಕಂಡು ಎದ್ದು ಪಕ್ಕಕ್ಕೆ ತಿರಿಕ್ಕಂಡು ನಿಂತ್ಕಂಡೆ. ನನ್ನ ನೋಡ್ದೆ ಹೊಂಟೋದ್ರು. ಏನೋ ಹರಕೆ ಇರ್ಬೇಕು, ಅಂತಾದ್ರಾಗೆ ಮಾತಾಡಿಸ್ಬಾರ್ದು ಅಂತ ಸುಮ್ಕಾಗ್ಬುಟ್ಟೆ. ಆಮೇಲೆ ಯಾಕೋ ಎಡಕ್ಕೆ ಸುತ್ತಿದ್ರು. ಅದ್ಯಾವ ಹರಕೆ ಅಂತ ಕೇಳು."

ಜಯಮ್ಮ ಕೇಳಲಿಲ್ಲ. ಕಿಟಕಿಯಿಲ್ಲದ ಆಟೋದಲ್ಲಿ ಕಿಟಕಿ ಇರುವವಳ ಹಾಗೆ ಹೊರಗೆ ನೋಡುತ್ತಾ ಕುಳಿತಿದ್ದಳು. ಎಷ್ಟು ಓಡಿಸಿದರೂ ಸಾಲದೆಂದು ಚಾಲಕನನ್ನು ಅವಸರಿಸಿ, ಸಾಮಾನು ಹೊತ್ತು, ಸೇತುವೆ ಹತ್ತಿ ಇಳಿದು, ಪ್ಲಾಟ್‌ಫಾರಂ ತಲುಪಿದರೆ ಮಂಜಿನಿಂದಾಗಿ ರೈಲು ಎಷ್ಟು ತಡವೆಂದು ಯಾರಿಗೂ ಗೊತ್ತಿರಲಿಲ್ಲ. ಘೋಷಣೆ ಹಿಂದಿಯಲ್ಲಿ ಬರುತ್ತಿತ್ತು. ಅದೇನೆಂದು ಇಬ್ಬರಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ.

ಊರಿಗೆ ಬಂದ ಮೇಲೆ ಎಲ್ಲ ಮರೆಯುತ್ತದೆಂದುಕೊಂಡಿದ್ದೆ. ಆದರೆ ಬರಗೂರಿನಲ್ಲಿ ಸುದ್ದಿ ಹರಡಿತ್ತು. ಮಧುಗಿರಿ ಅಳಿಯಂದಿರಿಗೆ ಉಬ್ಬಸವಂತೆ, ಪರದೇಶದಲ್ಲಿ ಗಾಲಿಕುರ್ಚಿಗೆ ಬಂದಿತ್ತಂತೆ. ನೆಂಟರು ಕಿತ್ತಳೆಹಣ್ಣು ತಂದು ಮಾತಾಡಿಸಿಕೊಂಡು ಹೋದರು. ಅತ್ತೆ ಆಡುಸೋಗೆ ಸೊಪ್ಪು ಕುದಿಸಿ, ಕಷಾಯವನ್ನು ಬಾಟಲಿಗೆ ತುಂಬಿ, ಶಿರಾ ಬಸ್ಸಿನವರ ಕೈಯಲ್ಲಿ ವಾರವಾರವೂ ಕಳಿಸತೊಡಗಿದರು. ಬೇವನ್ನೂ ಸಿಹಿ ಎನ್ನಿಸುವಂಥ ಕಹಿ. ಅವ್ವನಿಗೆ ನಿಜ ಹೇಳಿಬಿಡು ಎಂದು ಜಯಮ್ಮನಿಗೆ ಹೇಳಿದೆ. ಅವಳು, "ನೀವೇ ಹೇಳಿ. ಈಗ ನಿಮ್ಮ ಹತ್ರ ಮಾತಾಡ್ತಾರಲ್ಲ" ಎಂದಳು.

ಅದೂ ನಿಜವೇ. ಈಗ ಅತ್ತೆ ಪ್ರತಿ ಭಾನುವಾರ ನನಗೇ ಫೋನ್ ಮಾಡುತ್ತಾರೆ. ಕುಡಿದಿರಾ, ರಾತ್ರಿ ಮಲಗಲು ಆಯಿತಾ, ತಣ್ಣೀರು ಮುಟ್ಟಲಿಲ್ಲ ತಾನೇ ಎಂದು ಒಂದೊಂದಾಗಿ ಕೇಳುತ್ತಾರೆ. ಒಂದು ದಿನ ಹೇಳಿಯೇಬಿಡೋಣವೆಂದು ಗಂಟಲು ಸರಿಮಾಡಿಕೊಂಡೆ. ಆಗ ತಾನೇ ಕುಡಿದ ಕಷಾಯದ ಕಹಿಗೆ ಕೆಮ್ಮು ಬಂತು. ತಡೆದುಕೊಂಡಷ್ಟೂ ಹೆಚ್ಚಾಯಿತು. ಆ ಕಡೆಯಿಂದ ಅತ್ತೆ, ಕೆಮ್ಮು ಇನ್ನೂ ಬಿಟ್ಟಿಲ್ಲವಲ್ಲ ಅಳಿಯಂದ್ರೇ ಎಂದು ಮರುಗಿದರು.

ಮರುವಾರದಿಂದ ಎರಡು ಬಾಟಲಿ ಬರುತ್ತಿವೆ.